ಗೌಡ್ರೂ ನಮ್ಮವರೇ, ಸಾವ್ಕಾರ್ರೂ ನಮ್ಮವರೇ

ಬ್ಯಾಡಗಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನನ್ನಂಥವನಿಗೆ ರಾಜಕೀಯದಲ್ಲಿ ಯಾವ ಆಸಕ್ತಿಯೂ ಇಲ್ಲವೆಂದು ಮೊದಲೇ ಪ್ರಮಾಣ ಮಾಡಿ ಹೇಳುತ್ತೇನೆ. ನನಗಿದ್ದದ್ದು ಒಂದೇ ಆಸೆ. ಯಾರಾದರೂ ದೊಡ್ಡ ಮನುಷ್ಯರು ನಮಗೆ ಸಂಬಂಧಿಕರಾಗಿರಬೇಕು! ನಮ್ಮ ಕಡೆಯವರಲ್ಲಿ ಹುಡುಕಿ ಹುಡುಕಿ ಬೇಸತ್ತಿದ್ದೆ. ಅಲ್ಲಿ ಸಿಕ್ಕ ಅತಿ ದೊಡ್ಡ ಮನುಷ್ಯ ನಮ್ಮ ಕಾಕಾ. ಅವನು ಬಸ್ ಕಂಡಕ್ಟರ್.

ಊರಿಗೆ ಆಗತಾನೆ ಮೊಬೈಲು ಬಂದು, ಜನ ಸಿಗ್ನಲ್ ಸಿಗುತ್ತದೆಂದು ಮಾಳಿಗೆ ಹತ್ತಿ ಒದರುತ್ತಿದ್ದ ಕಾಲ. ವಿಧಾನಸಭೆ ಚುನಾವಣೆ ಬಂತು. ನಮ್ಮ ಕ್ಷೇತ್ರದಲ್ಲಿ ಇಬ್ಬರ ನಡುವೆ ಜಿದ್ದು. ಒಬ್ಬರನ್ನು ಎಲ್ಲರೂ ಗೌಡ್ರು ಎನ್ನುತ್ತಿದ್ದರು, ಇನ್ನೊಬ್ಬರನ್ನು ಸಾವ್ಕಾರ್ರು. ಗೌಡ್ರು ಸಾವ್ಕಾರ್ರನ್ನು ಬೈದು ಮುಗಿಸಿದ ಮೇಲೆಯೇ ನೀರು ಕುಡಿಯುತ್ತಿದ್ದರು. ಸಾವ್ಕಾರ್ರು ಗೌಡ್ರನ್ನು ಬೈಯುವಾಗ ನೀರು ಕುಡಿಯುವುದನ್ನೂ ಮರೆಯುತ್ತಿದ್ದರು.

ನಮ್ಮ ಓಣಿಯಲ್ಲಿ ಈ ಜಿದ್ದನ್ನು ಇಬ್ಬರು ಹೊತ್ತುಕೊಂಡಿದ್ದರು. ಹಿಟ್ಟಿನ ಗಿರಣಿ ಹನಮಂತಪ್ಪ ಗೌಡ್ರ ಕಡೆ. ಸೈಕಲ್ ಶಾಪಿನ ದ್ಯಾಮಣ್ಣ ಸಾವ್ಕಾರ್ರ ಕಡೆ. ಗಿರಣಿ ಮತ್ತು ಸೈಕಲ್ ಶಾಪು ಎದುರುಬದುರು. ಗಿರಣಿಯ ಪಕ್ಕವೇ ನನ್ನ ಅಂಗಡಿ. ಪ್ರತಿ ಚುನಾವಣೆಯಲ್ಲೂ ಯಾರು ಮೊದಲು ಮತ ಹಾಕುತ್ತಾರೆಂಬುದೇ ಇವರಿಬ್ಬರ ಪಂದ್ಯ. ಬೆಳಕು ಹರಿಯುವ ಮುಂಚೆ ಶಾಲೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಅವರ ಹಿಂದೆ ಅವರ ಮಂದಿ, ಆ ಮಂದಿಯ ಹಿಂದೆ ಇಡೀ ಓಣಿ. ಮತದಾನದಲ್ಲಿ ನಮ್ಮ ಓಣಿಯನ್ನು ಸರಿಗಟ್ಟುವ ಓಣಿ ಊರಲ್ಲೇ ಇರಲಿಲ್ಲ. ಇಷ್ಟು ಚೆಂದ ನಡೆದಿದ್ದ ಪ್ರಜಾಪ್ರಭುತ್ವಕ್ಕೆ ನಾನು ಕೈ ಹಾಕಿದೆ.

ಆದದ್ದು ಹೀಗೆ. ನನ್ನ ಹೆಂಡತಿ ಸರೋಜಾಳ ಸೋದರತ್ತೆ ಗಂಗವ್ವ ಹಾವೇರಿಯಲ್ಲಿದ್ದಾಳೆ. ಅವಳ ಮೊಮ್ಮಗನ ಮದುವೆ ರಾಣೇಬೆನ್ನೂರಿನಲ್ಲಿ ನಿಶ್ಚಯವಾಗಿತ್ತು. ಮದುವೆಯ ಪಾತ್ರೆಗಳ ವಿಚಾರ ಮಾತಾಡಲು ನಾವಿಬ್ಬರೂ ಹಾವೇರಿಗೆ ಹೋಗಿದ್ದೆವು. ಹೊರಗೆ ನಮ್ಮ ಕ್ಷೇತ್ರಕ್ಕೆ ಹೊರಟಿದ್ದ ಗೌಡ್ರ ಪ್ರಚಾರದ ಜೀಪು ಕೂಗುತ್ತ ಹೋಯಿತು. ಗಂಗವ್ವ ಎಲೆ ಅಡಿಕೆ ಜಗಿಯುತ್ತ ಅಂದಳು:

"ಈ ಗೌಡ ಸಣ್ಣಾವಿದ್ದಾಗ ನನ್ನ ಅತ್ತಿ ಸೀರಿ ಎಷ್ಟ ಸಲ ಒದ್ದಿ ಮಾಡ್ಯಾನ, ಈಗ ಜೀಪಿನ್ಯಾಗ ಅಡ್ಡಾಡಾಕತ್ತಾನ!"

ನಾನು ಕುಳಿತಲ್ಲೇ ನೆಟ್ಟಗಾದೆ. "ನಿಮ್ಮತ್ತಿಗೂ ಗೌಡ್ರಿಗೂ ಏನ ಸಂಬಂಧ ಅತ್ತಿ?"

"ಗೌಡನ ಅಜ್ಜಿ, ನನ್ನ ಅತ್ತಿ, ಇಬ್ಬರೂ ಮೋಟೆಬೆನ್ನೂರಿನ ಒಂದ ಮನಿ ಅಕ್ಕ ತಂಗೇರು. ನಡುವ ಇನ್ನೊಬ್ಬಾಕಿ ಇದ್ಲು. ಆಕಿ ಮೊಮ್ಮಗಳನ್ನ ಆ ಸಾವ್ಕಾರಗ ಕೊಟ್ಟೈತಿ."

ಅಂದರೆ ಮೂವರು ಅಕ್ಕ ತಂಗಿಯರು. ಹಿರಿಯಳ ಮೊಮ್ಮಗ ಗೌಡ್ರು. ನಡುವಿನವಳ ಮೊಮ್ಮಗಳ ಗಂಡ ಸಾವ್ಕಾರ್ರು. ಕಿರಿಯಳ ಸೊಸೆ ನಮ್ಮ ಗಂಗವ್ವ. ಆ ಗಂಗವ್ವನ ಅಣ್ಣನ ಮಗಳ ಗಂಡ ನಾನು! ಕ್ಷೇತ್ರದ ಇಬ್ಬರೂ ಅಭ್ಯರ್ಥಿಗಳಿಗೆ ಏಕಕಾಲಕ್ಕೆ ಸಂಬಂಧಿ. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಕಿಟಕಿಯ ಪಕ್ಕ ಕುಳಿತು ಕ್ಷೇತ್ರವನ್ನು ನನ್ನದೇ ಹೊಲದಂತೆ ನೋಡಿದೆ.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು ಸರೋಜಾ.

"ನಾ ಯಾಕ ಹೇಳಲಿ?" ಎಂದೆ.

ಮರುದಿನ ಗಿರಣಿ ಬಾಗಿಲು ತೆಗೆಯುವುದನ್ನೇ ಕಾದಿದ್ದು ಹನಮಂತಪ್ಪನಿಗೆ ಹೇಳಿದೆ. ಗೌಡ್ರದ್ದಷ್ಟೇ ಹೇಳಿದೆ, ಸಾವ್ಕಾರ್ರ ಸುದ್ದಿ ತೆಗೆಯಲಿಲ್ಲ. ಅವನು ಹಿಟ್ಟಿನ ಕೈಯನ್ನು ಒರೆಸಿಕೊಂಡು ನನಗೆ ನಮಸ್ಕಾರ ಮಾಡಿದ! ಜೀವನದಲ್ಲಿ ಮೊದಲ ಸಲ ಅವನು ನನಗೆ ಸ್ಟೂಲು ಕೊಟ್ಟ. ಆ ಮರ್ಯಾದೆಯ ರುಚಿ ಕೆಟ್ಟದ್ದು, ಹತ್ತಿದರೆ ಬಿಡದು. ಸಂಜೆ ಸೈಕಲ್ ಶಾಪಿಗೆ ಹೋಗಿ ದ್ಯಾಮಣ್ಣನಿಗೆ ಸಾವ್ಕಾರ್ರ ಸಂಬಂಧ ಹೇಳಿದೆ. ಅಲ್ಲಿ ಚಹಾ ಬಂತು. ಹೀಗೆ ಬೆಳಗ್ಗೆ ಸ್ಟೂಲು, ಸಂಜೆ ಚಹಾ ಎಂಬ ವ್ಯವಸ್ಥೆಯಲ್ಲಿ ಒಂದು ವಾರ ಬಹಳ ಸುಖವಾಗಿ ಕಳೆಯಿತು.

ಆಮೇಲೆ ಒಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ನನ್ನ ಅಂಗಡಿಗೆ ಬಂದರು. ಗೌಡ್ರ ಸಂಬಂಧಿ ನಮ್ಮ ಪಾತ್ರೆ ಈರಣ್ಣ ಎಂದು ಹನಮಂತಪ್ಪ, ಅಲ್ಲ ಅವನು ಸಾವ್ಕಾರ್ರ ಸಂಬಂಧಿ ಎಂದು ದ್ಯಾಮಣ್ಣ, ಚಹಾದಂಗಡಿಯಲ್ಲಿ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರಂತೆ.

"ಏ ಈರಣ್ಣ, ನೀ ಖರೇ ಯಾರ ಪೈಕಿ? ಇವತ್ತ ಹೇಳ," ಎಂದ ಹನಮಂತಪ್ಪ.

"ಇಬ್ಬರ ಪೈಕಿನೂ," ಎಂದೆ.

"ಅದು ಹೆಂಗ ಸಾಧ್ಯ? ಅವರಿಬ್ಬರೂ ಹಗಿಗೋಳು!" ಎಂದ ದ್ಯಾಮಣ್ಣ.

ವಂಶವೃಕ್ಷವನ್ನು ಬಾಯಲ್ಲಿ ಹೇಳಿದರೆ ಅವರಿಗೆ ತಿಳಿಯಲಿಲ್ಲ. ನನಗೆ ಹುರುಪು ಬಂತು. ಮೂರು ದೊಡ್ಡ ಕೊಳಗಗಳನ್ನು ತಂದು ಕೌಂಟರಿನ ಮೇಲೆ ಸಾಲಾಗಿ ಇಟ್ಟೆ. ಇವು ಮೂವರು ಅಕ್ಕ ತಂಗಿಯರು. ಮೊದಲ ಕೊಳಗದ ಮುಂದೆ ಒಂದು ತಂಬಿಗೆ: ಗೌಡ್ರು. ಎರಡನೆಯದರ ಮುಂದೆ ಒಂದು ಹಾಲಿನ ಕ್ಯಾನು: ಸಾವ್ಕಾರ್ರು. ಮೂರನೆಯದರ ಮುಂದೆ ಚಟ್ನಿ ಬಟ್ಟಲು: ನಾನು. ದಾರಿಯಲ್ಲಿ ಹೋಗುವವರೆಲ್ಲ ನಿಂತರು. ಜನ ಸೇರಿದಷ್ಟೂ ನನ್ನ ಧ್ವನಿ ಏರಿತು. ನಾನು ಭಾಷಣದ ತುತ್ತತುದಿಯಲ್ಲಿದ್ದಾಗ ಹಿಂದಿನಿಂದ ಒಬ್ಬ ಹೆಣ್ಣುಮಗಳು ಕೈ ಚಾಚಿ ಕೇಳಿದಳು:

"ಅಣ್ಣಾರ, ಆ ಗೌಡ್ರ ಅಜ್ಜಿನ್ನ ಎಷ್ಟಕ್ಕ ಕೊಡ್ತೀರಿ?"

ಅಜ್ಜಿಯನ್ನು ಮಾರಿದೆ. ವ್ಯಾಪಾರ ವ್ಯಾಪಾರವೇ. ಆದರೆ ಅಜ್ಜಿ ಹೋದ ಮೇಲೆ ಗೌಡ್ರ ತಂಬಿಗೆ ಅನಾಥವಾಗಿ ನಿಂತಿತು, ನನ್ನ ವಾದವೂ ಬಿತ್ತು. "ಇದೆಲ್ಲ ಸುಳ್ಳ," ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಅವರಿಬ್ಬರೂ ಒಂದೇ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ನನಗೆ ಮಾತ್ರ ಅವಮಾನವಾಗಿತ್ತು.

"ರಾಣೇಬೆನ್ನೂರಾಗ ಮದುವಿ ಐತಿ. ಇಬ್ಬರೂ ಬರ್ತಾರ. ನಡೀರಿ, ಕಣ್ಣಾರೆ ನೋಡ್ರಿ!" ಎಂದು ಇಬ್ಬರನ್ನೂ ಕರೆದುಕೊಂಡು ಹೋದೆ.

ಮದುವೆಗೆ ನಿಜವಾಗಿಯೂ ಇಬ್ಬರೂ ಅಭ್ಯರ್ಥಿಗಳು ಬಂದರು. ಹಿಂದಿನ ದಿನವಷ್ಟೇ ಗೌಡ್ರು ಸಾವ್ಕಾರ್ರನ್ನು ಕ್ಷೇತ್ರದಿಂದ ಗಡಿಪಾರು ಮಾಡುತ್ತೇನೆಂದು ತೊಡೆ ತಟ್ಟಿದ್ದರು. ಹನಮಂತಪ್ಪ ತೋಳು ಏರಿಸಿದ. ದ್ಯಾಮಣ್ಣ ಚಪ್ಪಲಿ ಬಿಗಿಮಾಡಿಕೊಂಡ. ಗೌಡ್ರು ನೇರವಾಗಿ ಸಾವ್ಕಾರ್ರ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿ, "ಮಾಮಾ, ಶುಗರ್ ಹೆಂಗೈತಿ?" ಎಂದರು.

"ಅದರ ಸುದ್ದಿ ಬಿಡೋ ಮಾರಾಯ, ನಿನ್ನ ಬಿಪಿ ಹೇಳ. ನಿನ್ನೆ ಭಾಷಣದಾಗ ಭಾಳ ಒದರಿದಿಯಂತ. ಹಂಗ ಒದರಬ್ಯಾಡ," ಎಂದರು ಸಾವ್ಕಾರ್ರು.

ಇಬ್ಬರೂ ಅಕ್ಕಪಕ್ಕ ಊಟಕ್ಕೆ ಕುಳಿತರು. ಗೌಡ್ರು ತಮ್ಮ ಕೈಯಾರೆ ಸಾವ್ಕಾರ್ರ ಹೋಳಿಗೆಯ ಮೇಲೆ ತುಪ್ಪ ಸುರಿದರು. ಹನಮಂತಪ್ಪ ಮತ್ತು ದ್ಯಾಮಣ್ಣ ಎದುರಿನ ಪಂಕ್ತಿಯಲ್ಲಿ ತುತ್ತು ಕೈಯಲ್ಲಿ ಹಿಡಿದು ಹಾಗೇ ನೋಡುತ್ತಿದ್ದರು. ನನ್ನ ಗೆಲುವು ಪೂರ್ತಿಯಾಗಲು ಒಂದೇ ಬಾಕಿ ಇತ್ತು. ನಾಯಕರು ನನ್ನನ್ನು ಗುರುತಿಸಬೇಕು. ನಾನು ಅವರೆದುರು ಹೋಗಿ ಕೈಮುಗಿದು ನಿಂತೆ. ಗಂಗವ್ವ ದೊಡ್ಡದಾಗಿ ಪರಿಚಯ ಮಾಡಿಸಿದಳು:

"ಇವ ನಮ್ಮ ಸರೋಜಾನ ಗಂಡ. ನಮ್ಮವ. ಬ್ಯಾಡಗ್ಯಾಗ ಭಾಂಡೆ ಅಂಗಡಿ ಐತಿ."

ಗೌಡ್ರು ತಲೆಯೆತ್ತಿ ಪ್ರೀತಿಯಿಂದ ನಕ್ಕರು. "ಹೌದಾ? ಭಾಳ ಸಂತೋಷ. ಮನಿಯವರ ಆದ್ರಿ. ಸ್ವಲ್ಪ ಸಾರು ತರ್ರಿ."

"ನನಗ ಬರೇ ಮ್ಯಾಲಿನ ತಿಳಿ," ಎಂದರು ಸಾವ್ಕಾರ್ರು.

ಸಾರಿನ ಬಕೆಟ್ಟು ಹಿಡಿದೆ. ಇಬ್ಬರಿಗೆ ಬಡಿಸಿದ್ದನ್ನು ನೋಡಿ ಪಕ್ಕದವರು ಕರೆದರು, ಅವರನ್ನು ನೋಡಿ ಆಚೆಯವರು. ಆ ಪಂಕ್ತಿ ಎದ್ದು ಮುಂದಿನ ಪಂಕ್ತಿ ಕುಳಿತಾಗಲೂ ನಾನು ಬಡಿಸುತ್ತಲೇ ಇದ್ದೆ. ಗೌಡ್ರಿಗೂ ಸಾವ್ಕಾರ್ರಿಗೂ ಸಂಬಂಧವಿರುವ ಸಂಗತಿ ಸಾಬೀತಾಗಿತ್ತು. ನನಗೆ ಯಾರೊಂದಿಗೆ ಸಂಬಂಧ ಎಂಬುದಷ್ಟೇ ಉಳಿದಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಹನಮಂತಪ್ಪ, ದ್ಯಾಮಣ್ಣ ಒಂದೇ ಸೀಟಿನಲ್ಲಿ ಕುಳಿತರು. ಮೋಟೆಬೆನ್ನೂರು ದಾಟಿದ ಮೇಲೆ ಹನಮಂತಪ್ಪ ಮೆಲ್ಲಗೆ ಅಂದ: "ದ್ಯಾಮಣ್ಣ, ಹೋದ ಚುನಾವಣ್ಯಾಗ ನಿನ್ನ ಅಂಗಿ ಹರದಿದ್ನಲ್ಲ..."

"ಬಿಡೋ," ಎಂದ ದ್ಯಾಮಣ್ಣ. "ನಾನೂ ನಿನ್ನ ಗಿರಣಿ ಬೆಲ್ಟ್ ಕೊಯ್ದಿದ್ದೆ."

ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಎಂಥ ಸೌಹಾರ್ದ ಮೂಡಿಸಿದೆನಲ್ಲ ಎಂದು ಎದೆ ಉಬ್ಬಿತು!

ಅದರ ಪರಿಣಾಮ ಮತದಾನದ ದಿನ ಗೊತ್ತಾಯಿತು. ಬೆಳಗ್ಗೆ ಶಾಲೆಯ ಗೇಟಿನಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ. ಹನಮಂತಪ್ಪ ಗಿರಣಿ ನಡೆಸುತ್ತಿದ್ದ. ದ್ಯಾಮಣ್ಣ ಪಂಕ್ಚರ್ ಹಾಕುತ್ತಿದ್ದ. ಓಣಿಯಲ್ಲಿ ಹೆಂಗಸರು ಬೀಸಿದ ಖಾರದಪುಡಿ ಜರಡಿ ಹಿಡಿಯುತ್ತ ಸೀನುತ್ತಿದ್ದರು. ಸರೋಜಾ ಒಬ್ಬಳೇ ನಸುಕಿಗೇ ಹೋಗಿ ಮತ ಹಾಕಿ ಬಂದು ರೊಟ್ಟಿ ಬಡಿಯುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಎರಡೂ ಪಕ್ಷದ ಏಜೆಂಟರು ಒಟ್ಟಾಗಿ ನನ್ನ ಅಂಗಡಿಗೆ ಬಂದರು. ಇಬ್ಬರ ಮುಖವೂ ಕೆಂಪಗಿತ್ತು.

"ಕೊಳಗ ಇಟ್ಟ ಭಾಷಣ ಮಾಡಿದವರು ನೀವೇನ್ರಿ?"

ಹೌದೆಂದೆ.

"ಓಣ್ಯಾಗ ಒಬ್ಬರೂ ಬರವಲ್ರು! ಇದನ್ನ ನೀವ ಕೆಡಸೀರಿ, ನೀವ ಸರಿ ಮಾಡ್ರಿ."

ನಾನು ಮನೆಮನೆಗೆ ಹೊರಟೆ. ಮತದಾನ ನಮ್ಮ ಪವಿತ್ರ ಹಕ್ಕು ಎಂದು ಶುರು ಮಾಡಿದರೆ ಮೊದಲ ಮನೆಯ ಮುದುಕಿಯೇ ನನ್ನನ್ನು ತಡೆದಳು. "ತಮ್ಮಾ, ಅವರು ಗೆದ್ರೂ ನಿಮ್ಮ ಮನ್ಯಾಗ, ಇವರು ಗೆದ್ರೂ ನಿಮ್ಮ ಮನ್ಯಾಗ. ನಿಮ್ಮ ಮನಿ ಲಗ್ನಕ್ಕ ನಾವ್ಯಾಕ ಅಕ್ಕಿಕಾಳು ಹಾಕೋಣು?"

ಮುಂದಿನ ಮನೆಯ ಬಾಗಿಲು ಬಡಿಯದೆ ತಿರುಗಿದೆ. ಆದರೆ ಏಜೆಂಟರ ಕಣ್ಣು ನೆನಪಾಯಿತು. ಹೆದರಿದವನಿಗೆ ಬರುವ ಬುದ್ಧಿಯೇ ನನಗೂ ಬಂತು. ಗಿರಣಿಗೆ ಹೋಗಿ ಹನಮಂತಪ್ಪನ ಕಿವಿಯಲ್ಲಿ ಹೇಳಿದೆ: "ದ್ಯಾಮಣ್ಣ ಸುಮ್ಮನ ಇದ್ದಂಗ ಮಾಡಿ, ನಸಿಕಿನ್ಯಾಗ ಹೋಗಿ ಓಟ ಹಾಕಿ ಬಂದಾನ."

ನಂತರ ಎದುರಿಗೆ ಹೋಗಿ ದ್ಯಾಮಣ್ಣನಿಗೂ ಹನಮಂತಪ್ಪನ ಹೆಸರಲ್ಲಿ ಇದನ್ನೇ ಹೇಳಿದೆ.

ಗಿರಣಿ ಗಕ್ಕನೆ ನಿಂತಿತು. ಸೈಕಲ್ಲು ನೆಲಕ್ಕೆ ಬಿತ್ತು. ಒಬ್ಬ ಮುಂದಿನ ಸಂದಿಯಿಂದ, ಇನ್ನೊಬ್ಬ ಹಿಂದಿನ ಸಂದಿಯಿಂದ ಶಾಲೆಗೆ ಓಡಿದರು. ಗೇಟಿನಲ್ಲಿ ಎದುರುಬದುರಾದರು. "ಮೋಸಗಾರಾ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರಂತೆ. ಶಾಲೆಯ ಹತ್ತಿರ ಜಗಳ ಹತ್ತಿದೆ ಎಂಬ ಸುದ್ದಿ ಓಣಿಗೆ ಬಂದದ್ದೇ ತಡ, ಹೆಂಗಸರು ಜರಡಿ ಬಿಟ್ಟು ಎದ್ದರು. ಮುದುಕರು ಕೋಲು ಹಿಡಿದರು. ಜಗಳ ನೋಡಲು ಇಡೀ ಓಣಿ ಹೋಯಿತು. ಹೇಗೂ ಬಂದಿದ್ದೇವಲ್ಲ ಎಂದು ಎಲ್ಲರೂ ಸರದಿಯಲ್ಲಿ ನಿಂತು ಮತ ಹಾಕಿದರು! ಪ್ರಜಾಪ್ರಭುತ್ವ ಉಳಿಯಿತು.

ನಾನು ಉಳಿಯುವುದು ಮಾತ್ರ ಕಷ್ಟವಾಯಿತು. ಗೇಟಿನಲ್ಲಿ ಇಬ್ಬರೂ ಪರಸ್ಪರರ ಬೆರಳು ನೋಡಿಕೊಂಡಿದ್ದರು. ಯಾರ ಬೆರಳಿಗೂ ಶಾಯಿ ಇರಲಿಲ್ಲ. ಸುಳ್ಳು ಹೇಳಿದವನು ಯಾರೆಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಮತ ಹಾಕಿದವರೇ ನೇರ ನನ್ನ ಅಂಗಡಿ ಕಡೆ ತಿರುಗಿದರು. ಅವರ ನಡಿಗೆ ನೋಡಿಯೇ ನಾನು ಶಟರ್ ಎಳೆದು ಒಳಗೆ ಕೊಳಗಗಳ ಹಿಂದೆ ಕುಳಿತೆ.

"ಈರಣ್ಣ! ಒಳಗ ಅದೀ ಏನು?" ಎಂದು ಹನಮಂತಪ್ಪ ಶಟರ್ ಬಡಿದ.

ನಾನು ಉಸಿರು ಬಿಗಿ ಹಿಡಿದೆ. ಓಣಿಯ ಖಾರದ ಘಾಟು ಶಟರಿನ ಸಂದಿಯಿಂದ ಒಳಗೆ ಬಂದು ಮೂಗಿಗೇರಿತು. ಸೀನಿದೆ. ಮೇಲಿದ್ದ ತಟ್ಟೆಗಳ ಸಾಲು ಸಿಡಿಲು ಬಡಿದಂತೆ ಕೆಳಗೆ ಬಿತ್ತು.

"ಒಳಗೈತಿ ಪ್ರಾಣಿ," ಎಂದ ದ್ಯಾಮಣ್ಣ. "ಇಲ್ಲೇ ಕುಂದ್ರೂಣು. ಹೊರಗ ಬರಲೇಬೇಕಲ್ಲ."

ಇಬ್ಬರೂ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಚಹಾ ತರಿಸಿಕೊಂಡರು. ನಕ್ಕರು. ಹಳೆಯ ಚುನಾವಣೆಗಳ ಕಥೆ ಒಂದೊಂದಾಗಿ ತೆಗೆದರು. ಅವರ ಸ್ನೇಹ ಇಷ್ಟು ಗಟ್ಟಿಯಾಗಿದ್ದು ನನ್ನಿಂದಲೇ ಎಂದು ಹೊರಗೆ ಹೋಗಿ ನೆನಪಿಸುವ ಧೈರ್ಯ ನನಗೆ ಬರಲಿಲ್ಲ. ಅವರು ಎದ್ದು ಹೋದ ಮೇಲೆ ಶಟರ್ ಎತ್ತಿ, ಚಪ್ಪಲಿಯನ್ನೂ ಮೆಟ್ಟದೆ ಶಾಲೆಗೆ ಓಡಿದೆ. ಪೊಲೀಸ್ ಪೇದೆ ಆಗತಾನೆ ಗೇಟಿಗೆ ಅಗಳಿ ಹಾಕುತ್ತಿದ್ದ.

"ಟೈಮ್ ಆತ್ರಿ."

"ಒಂದ ನಿಮಿಷ ಸಾಹೇಬ್ರ! ನಾ ಅಭ್ಯರ್ಥಿ ಸಂಬಂಧಿಕ!"

"ಯಾರ ಸಂಬಂಧಿಕರ್ರಿ?"

"ಇಬ್ಬರದೂ!"

ಪೇದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇಬ್ಬರದೂ ಇದ್ರ ಮತ್ಯಾಕ ಚಿಂತಿ? ಯಾರ ಬಂದ್ರೂ ನಿಮ್ಮವರ ಬರ್ತಾರ. ಆರಾಮ ಮನಿಗೆ ಹೋಗ್ರಿ."

ಮನೆಗೆ ಬಂದೆ. ಸರೋಜಾ ನೀರು ಕೊಟ್ಟಳು. ನನ್ನ ಬರಿಗಾಲು ನೋಡಿದಳು, ಬರಿ ಬೆರಳನ್ನೂ ನೋಡಿದಳು. ನಾನೇ ಮಾತು ತೆಗೆದೆ.

"ನೀ ಯಾರಿಗೆ ಹಾಕಿದಿ?"

"ಹೇಳಂಗಿಲ್ಲ," ಎಂದಳು. "ಹೇಳಿದ್ರ ನಾಳೆ ನೀವು ಅಂಗಡ್ಯಾಗ ಕೊಳಗ ಇಟ್ಟ ತೋರಸ್ತೀರಿ."

ಎಣಿಕೆಯ ದಿನ ಇಬ್ಬರಲ್ಲಿ ಒಬ್ಬರು ಗೆದ್ದರು. ಸೋತವರೇ ಮೊದಲ ಹಾರ ಹಾಕಿದರು. ಮತದಾನದಲ್ಲಿ ಆ ಸಲವೂ ನಮ್ಮ ಓಣಿಯೇ ಊರಿಗೆ ಮೊದಲು. ಓಣಿಯಲ್ಲಿ ಮತ ಹಾಕದೆ ಉಳಿದವನು ಒಬ್ಬನೇ ಒಬ್ಬನಂತೆ. ಅವನು ಇಬ್ಬರೂ ಅಭ್ಯರ್ಥಿಗಳ ತೀರಾ ಹತ್ತಿರದ ಸಂಬಂಧಿ!