ಎರಡು ಸ್ಪೀಕರ್‌ಗಳ ನಡುವೆ ಅತ್ತೆಯ ದನಿ

ಮನೆಗೆ ಬಂದ ಯಾವ ಯಂತ್ರವನ್ನಾದರೂ ಯಾರ ಸಹಾಯವೂ ಇಲ್ಲದೆ ಜೋಡಿಸಬಲ್ಲೆ ಎಂಬ ನಂಬಿಕೆ ನನಗಿತ್ತು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಯಾವ ಕಂಟೇನರ್ ಯಾವ ಹಡಗು ಹತ್ತಬೇಕೆಂದು ತೀರ್ಮಾನಿಸುವ ಸಾಫ್ಟ್‌ವೇರ್ ಬರೆಯುವವನು ನಾನು. ಒಂದು ಸಿ.ಡಿ. ಪ್ಲೇಯರ್, ಎರಡು ಸ್ಪೀಕರ್ ನನಗೆ ಯಾವ ಲೆಕ್ಕ?

ಪ್ಲೇಯರ್ ತಂದದ್ದು ಮಾವನವರಿಗಾಗಿ. ಅತ್ತೆ ತೀರಿಕೊಂಡ ಮೇಲೆ ಅವರು ಮೊದಲ ಸಲ ಮೈಸೂರಿನಿಂದ ಪೆಟಾಲಿಂಗ್ ಜಯಾಕ್ಕೆ, ನಮ್ಮ ಮನೆಗೆ ಬರುವವರಿದ್ದರು. ಅತ್ತೆ ಒಮ್ಮೆ ಮನೆಯಲ್ಲಿ ಕೂತು ಹಾಡಿದ ದೇವರನಾಮಗಳನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ನನ್ನ ಹೆಂಡತಿ ಸುಧಾ ಅದನ್ನು ಸಿ.ಡಿ.ಗೆ ಹಾಕಿಸಿದ್ದಳು. ಫೋನಿನಲ್ಲಿ ಮಾವ, “ಅವಳ ಮುಖ ಕಣ್ಮುಂದೆ ಬರುತ್ತೆ, ದನಿ ಮಾತ್ರ ನೆನಪಿಗೆ ಬರ್ತಿಲ್ಲಪ್ಪ” ಅಂದಾಗ ನಾನು, “ನೀವು ಬನ್ನಿ ಮಾವ, ಅತ್ತೆ ಎದುರಿಗೇ ಕೂತು ಹಾಡಿದ ಹಾಗೆ ಕೇಳಿಸ್ತೀನಿ” ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಉಳಿಸಿಕೊಳ್ಳಲು ಸಾಧಾರಣ ಯಂತ್ರ ಸಾಲದು. ನಮ್ಮ ಊರಿನಲ್ಲೇ ಓಂಗ್ ಎಂಬ ಹವ್ಯಾಸಿಯೊಬ್ಬ ಸಾಮಾನ್ಯ ಸಿ.ಡಿ. ಪ್ಲೇಯರ್‌ಗಳನ್ನು ಬಿಚ್ಚಿ, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳನ್ನು ಕೂರಿಸಿ ಕೊಡುತ್ತಿದ್ದ. ಅವನ ಮನೆಯಲ್ಲಿ ಅಂಥದ್ದೊಂದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಪ್ಲೇಯರಿನ ನೆತ್ತಿಯ ಮೇಲೆ ಎರಡು ವಾಲ್ವ್‌ಗಳು ಕೆಂಡದ ಬಣ್ಣದಲ್ಲಿ ನಿಧಾನವಾಗಿ ಹೊತ್ತಿಕೊಳ್ಳುವುದನ್ನು ನೋಡುತ್ತ, ಗರ್ಭಗುಡಿಯ ಮುಂದೆ ನಿಂತವನಂತೆ ನಿಂತಿದ್ದೆ. ಕೈ ಮುಗಿಯಲಿಲ್ಲ, ಅಷ್ಟೆ.

ಮನೆಗೆ ತಂದ ದಿನವೇ, ಇಂಥ ಪ್ಲೇಯರ್‌ಗೆ ಹಳೆ ವೈರು ಸಲ್ಲದೆಂದು ಸ್ಪೀಕರ್‌ಗಳಿಗೂ ಹೊಸ ವೈರು ಹಾಕಿದೆ. ಹೆಂಡತಿ ಮತ್ತು ಮಗಳು ಮೇಘನಾಳನ್ನು ಸೋಫಾದಲ್ಲಿ ಕೂರಿಸಿ, ಎರಡು ಮಾತಿನ ಭಾಷಣ ಮಾಡಿ, ಗುಂಡಿ ಒತ್ತಿದೆ.

ಅತ್ತೆ ಎದುರಿಗೆ ಕೂತು ಹಾಡಲಿಲ್ಲ. ಪಕ್ಕದ ಮನೆಯ ಬಚ್ಚಲಿನಲ್ಲಿ ಹಾಡಿದಂತಿತ್ತು. ತಂಬೂರಿಯ ಬದಲು ಸೊಳ್ಳೆ.

“ಚೆನ್ನಾಗಿದೆ ರೀ,” ಅಂದಳು ಸುಧಾ. ಅವಳು ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ವೈದ್ಯೆ. ಏನೂ ಆಗಲ್ಲ ಎಂದು ಜನರನ್ನು ನಂಬಿಸುವುದೇ ಅವಳ ಕೆಲಸ.

ಇಂಟರ್ನೆಟ್ಟಿನ ಪಂಡಿತರನ್ನು ಕೇಳಿದೆ. ಹೊಸ ವಾಲ್ವ್ ಪಳಗಬೇಕು, ಬಿಡದೆ ಹಾಡಿಸಿ ಎಂದರು. ಹಗಲಿಡೀ ಹಾಡಿಸಿದೆ. ಪಕ್ಕದ ಮನೆಯ ತಮಿಳು ಆಂಟಿ ಲಕ್ಷ್ಮಿ ಬಾಗಿಲಿಗೆ ಬಂದು, “ವೀಟ್ಲ ಏದಾವದು ಪೂಜೆಯಾ?” ಎಂದು ವಿಚಾರಿಸಿಕೊಂಡು ಹೋದರು. ವಾಲ್ವ್ ಪಳಗಲಿಲ್ಲ. ಅದರ ಬಿಸಿಗೆ ಒಂದು ಹಲ್ಲಿ ಮಾತ್ರ ಚೆನ್ನಾಗಿ ಪಳಗಿ, ಪ್ಲೇಯರ್ ಮೇಲೆಯೇ ಸಂಸಾರ ಹೂಡಿತು.

ಬಳಿಕ ವಾಲ್ವ್‌ಗಳನ್ನೇ ಬದಲಿಸಲು ಹೋದೆ. ಆರುವ ಮೊದಲೇ ಮುಟ್ಟಿ ಬೆರಳು ಸುಟ್ಟುಕೊಂಡೆ. ಪ್ಲೇಯರ್ ಅದುರಬಾರದೆಂದು ಯಾರೋ ಬರೆದದ್ದನ್ನು ಓದಿ, ಅಡುಗೆಮನೆಯ ಚಪಾತಿ ಲಟ್ಟಿಸುವ ಗ್ರಾನೈಟ್ ಹಲಗೆಯನ್ನು ತಂದು ಅದರಡಿ ಇಟ್ಟೆ. ಸುಧಾ ಊಟದ ಮೇಜಿನ ಮೇಲೆ ಚಪಾತಿ ಲಟ್ಟಿಸಿದಳು. ಗೋಡೆಗಳಿಂದ ದನಿ ಪುಟಿಯುತ್ತದೆಂದು ಮತ್ತೊಬ್ಬರು ಬರೆದಿದ್ದರು. ಅತಿಥಿಗಳ ಕೋಣೆಯ ಹಾಸಿಗೆಯನ್ನು ತಂದು ಸೋಫಾದ ಹಿಂದಿನ ಗೋಡೆಗೆ ಒರಗಿಸಿದೆ.

“ಅಪ್ಪ ಎಲ್ಲಿ ಮಲಗ್ತಾರೆ? ನಿಂತ್ಕೊಂಡಾ?” ಎಂದು ಸುಧಾ ಕೇಳಿದಳು.

“ಈಗ ಹೇಗಿದೆ ದನಿ?” ಎಂದೆ ನಾನು.

ಉತ್ತರಿಸಿದ್ದು ಮೇಘನಾ, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಹಚ್ಚಿ. “ಸೌಂಡ್ಸ್ ಎಕ್ಸಾಕ್ಟ್ಲಿ ದ ಸೇಮ್ ಲಾ, ಅಪ್ಪಾ.”

ಇನ್ನು ತಪ್ಪಿತಸ್ಥ ಒಬ್ಬನೇ ಉಳಿದ. ಓಂಗ್‌ನನ್ನು ಕರೆಸಿ, ಅವನ ಕೆಲಸದಲ್ಲಿ ಎಲ್ಲೋ ಲೋಪವಿದೆಯೆಂದು ಬಹಳ ವಿನಯದಿಂದ ತಿಳಿಸಿದೆ. ಅವನ ಮುಖ ಸಪ್ಪಗಾಯಿತು. ಪ್ಲೇಯರನ್ನು ತನ್ನ ಮನೆಗೆ ಒಯ್ದು, ಕೇಳಿ, ವಾಪಸ್ ತಂದಿಟ್ಟ. “ಪ್ಲೇಯರ್ ನೋ ಪ್ರಾಬ್ಲಮ್ ಲಾ. ವೆರಿ ನೈಸ್ ಸೌಂಡ್,” ಅಂದ. ಚಹಾ ಕೊಟ್ಟರೂ ಕುಡಿಯದೆ ಹೊರಟ. ಕಳ್ಳ, ತಪ್ಪು ಒಪ್ಪಿಕೊಳ್ಳಲಾರ ಎಂದುಕೊಂಡೆ.

ಅಷ್ಟರಲ್ಲಿ ಮಾವ ಬಂದೇಬಿಟ್ಟರು. ಕಾಫಿ ಮುಗಿಸಿದವರೇ, “ಎಲ್ಲಿ ಅಳಿಯಂದ್ರೇ, ಅದು?” ಎಂದರು. ಅದು ಎಂದರೆ ಏನೆಂದು ಕೇಳಬೇಕಾಗಿರಲಿಲ್ಲ. ಸೋಫಾದ ನಡುಮಧ್ಯೆ, ದನಿ ಅತ್ಯುತ್ತಮವಾಗಿ ಕೇಳಬೇಕಾದ ಜಾಗದಲ್ಲಿ, ಅವರನ್ನು ಕೂರಿಸಿದೆ. ಹಾಡು ಶುರುವಾಯಿತು. ಅವರು ಮುಂದಕ್ಕೆ ಬಾಗಿದರು. ಮತ್ತಷ್ಟು ಬಾಗಿದರು. ಮುಖದಲ್ಲಿ ಏನೂ ಕಾಣಲಿಲ್ಲ. ನನ್ನನ್ನು ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು.

“ನನ್ನ ಎಡಗಿವಿ ಸ್ವಲ್ಪ ಮಂದ,” ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡು, ಎದ್ದು, ಕುರ್ಚಿಯೊಂದನ್ನು ಎಡಗಡೆಯ ಸ್ಪೀಕರ್ ಪಕ್ಕಕ್ಕೆ ಎಳೆದುಕೊಂಡು ಬಲಗಿವಿ ಕೊಟ್ಟರು. ತುಸು ಹೊತ್ತಿಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಮಗಾಗಿ ನಟಿಸುತ್ತಿದ್ದಾರೆಂದೇ ತಿಳಿದೆ. ಆಮೇಲೆ ಎದ್ದು ಸೋಫಾಕ್ಕೆ ಬಂದು ಕೂತರು. ತಾಳ ನಿಂತಿತು.

“ಅಲ್ಲಿ ಕೂತಾಗ ಇದ್ದಳು. ಇಲ್ಲಿ ಬಂದ್ರೆ ಹೊರಟುಹೋಗ್ತಾಳೆ,” ಅಂದರು.

ಸುಧಾ ನನ್ನನ್ನೇ ನೋಡಿದಳು. “ರೀ, ಒಂದು ಸ್ಪೀಕರ್ ನಿಲ್ಲಿಸಿ.”

ನಿಲ್ಲಿಸಿದೆ. ಅತ್ತೆಯ ದನಿ ತುಂಬಿಕೊಂಡು ಬಂತು. ಎರಡನ್ನೂ ಹಾಡಿಸಿದೆ. ಮತ್ತೆ ಬಚ್ಚಲು.

“ಒಂದಿದ್ರೆ ಚೆನ್ನಾಗಿದೆ, ಎರಡು ಸೇರಿದ್ರೆ ಕೆಡುತ್ತೆ. ಅಂದ್ರೆ ಒಂದಕ್ಕೊಂದು ಆಗಿಬರ್ತಿಲ್ಲ,” ಅಂದಳು.

ಆಗ ನಾನೇ ಹಾಕಿದ ಹೊಸ ವೈರು ನೆನಪಾಯಿತು. ಸ್ಪೀಕರ್ ಹಿಂದೆ ಮೊಣಕಾಲೂರಿ ನೋಡಿದೆ. ಎಡಗಡೆಯದಕ್ಕೆ ವೈರು ಸರಿಯಾಗಿತ್ತು. ಬಲಗಡೆಯದಕ್ಕೆ ಕೆಂಪಿಗೆ ಹೋಗಬೇಕಾದ್ದು ಕಪ್ಪಿಗೆ, ಕಪ್ಪಿಗೆ ಹೋಗಬೇಕಾದ್ದು ಕೆಂಪಿಗೆ. ಒಂದು ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಎರಡೂ ಸೇರಿ ನಡುವಿನಲ್ಲಿದ್ದ ಅತ್ತೆಯನ್ನು ತಿಂದುಹಾಕುತ್ತಿದ್ದವು. ಹಾಕಿದ ಕೈ ಯಾರದೆಂದು ಯಾರೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ವೈರು ಅದಲುಬದಲು ಮಾಡಿ ಎದ್ದೆ. ಗುಂಡಿ ಒತ್ತಿದೆ.

ಅದನ್ನು ಹೇಗೆ ಹೇಳಲಿ? ಎರಡು ಸ್ಪೀಕರ್‌ಗಳೂ ಮಾಯವಾದವು. ಅವುಗಳ ನಡುವೆ, ಬರಿ ಗೋಡೆಯಿದ್ದ ಜಾಗದಲ್ಲಿ, ಒಬ್ಬ ಹೆಂಗಸು ಕೂತು ಉಸಿರೆಳೆದುಕೊಂಡಳು. ಹಾಡಿಗೆ ಮುಂಚಿನ ಆ ಉಸಿರು ಇಷ್ಟು ದಿನ ನನಗೆ ಕೇಳಿಸಿಯೇ ಇರಲಿಲ್ಲ. ಆಮೇಲೆ ದನಿ ಬಂತು, ಸ್ವಲ್ಪ ಒಡಕು, ಬೆಚ್ಚಗೆ. ಹಿಂದೆಲ್ಲೋ ಬಳೆಯ ಸದ್ದು. ನನ್ನ ತೋಳಿನ ರೋಮ ನಿಮಿರಿತು. ಮೇಘನಾ ಫೋನನ್ನು ಕೆಳಗಿಟ್ಟಳು.

ಹಾಡು ಮುಗಿದು ಅತ್ತೆ ಗಂಟಲು ಸರಿಮಾಡಿಕೊಂಡು, “ಇನ್ನೊಂದು ಹೇಳ್ಲಾ?” ಎಂದರು.

“ಹೂಂ, ಹೇಳು,” ಅಂದರು ಮಾವ, ಗೋಡೆಯ ಕಡೆ ನೋಡುತ್ತ.

ಸುಧಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ಇನ್ನೊಂದು ಹೇಳಿದರು.

ಮಾರನೆಯ ದಿನ ಧೈರ್ಯ ಮಾಡಿ ಓಂಗ್‌ಗೆ ಫೋನ್ ಹಚ್ಚಿ, ತಪ್ಪು ನನ್ನದೇ ಎಂದು ವಿವರವಾಗಿ ಒಪ್ಪಿಕೊಂಡೆ. ಮಾನ ಉಳಿಸಿಕೊಳ್ಳಲು ಒಂದು ಮಾತು ಕೇಳಿದೆ. ಇಷ್ಟು ಸೂಕ್ಷ್ಮವಾದ ಯಂತ್ರ, ನಿಮ್ಮ ಗಿರಾಕಿಗಳಲ್ಲಿ ಬಹಳ ಜನ ಹೀಗೆ ಮಾಡಿರಬೇಕಲ್ಲ?

ಓಂಗ್ ಪಾಪ, ನಿಜವಾಗಿಯೂ ಯೋಚಿಸಿದ.

“ನೋ ಲಾ,” ಅಂದ. “ಓನ್ಲಿ ಯೂ.”