ಗುರುಗಳು ಕೇಳಿ ಹೇಳುತ್ತಾರೆ

ಕಲಿತದ್ದಾಯಿತು ಎಂದು ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಿದ ವಾರದಲ್ಲೇ ಯಾರಾದರೂ ಬಂದು ನನಗೊಂದು ಹೊಸ ಪಾಠ ಹೇಳಿ ಹೋಗುತ್ತಾರೆ. ಈ ಕಡೆಗೆ ಬಂದಾಗಿನಿಂದ ಇದು ತಪ್ಪಿದ್ದಿಲ್ಲ.

ನಾನು ದಾವಣಗೆರೆ ಕಡೆಯವಳು. ಹಳ್ಳಿಗಳಿಗೆ ಕುಡಿಯುವ ನೀರಿನ ಟ್ಯಾಂಕ್ ಕಟ್ಟಿಸುವ ಸಣ್ಣ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ನನ್ನ ಪಾಲಿಗೆ. ನಮ್ಮಲ್ಲೊಂದು ಪದ್ಧತಿ ಇದೆ: ಪ್ರತಿಯೊಬ್ಬರಿಗೂ ಮೇಲೊಬ್ಬ ಗುರು, ಕೆಳಗೊಬ್ಬ ಶಿಷ್ಯ ಇರಲೇಬೇಕು. ನನ್ನ ಗುರುಗಳು ಜೇವರ್ಗಿ ಆಫೀಸಿನ ಹಿರಿಯ ಎಂಜಿನಿಯರ್. ಅವರಿಗೆ ಕೆಲಸ ಕಲಿಸಿದ ಗುರುಗಳು ನಿವೃತ್ತರಾಗಿ ಅಫಜಲಪುರದಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದಾರೆ. ನನ್ನ ಶಿಷ್ಯೆ ಆಳಂದದವಳು, ಈಗಷ್ಟೇ ಎಂಜಿನಿಯರಿಂಗ್ ಮುಗಿಸಿ ಬಂದವಳು.

ಈ ವರ್ಷ ನನ್ನ ಜೀವ ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಟ್ಯಾಂಕಿನ ಮೇಲೆ ನಿಂತಿತ್ತು. ಬೇಸಿಗೆ ಏರುವುದರೊಳಗೆ ಅಲ್ಲಿ ನೀರು ಬರದಿದ್ದರೆ ಮೂರು ತಾಲೂಕೂ ಬೇರೆಯವರಿಗೆ, ನನಗೆ ಮುಖ್ಯ ಕಚೇರಿಯಲ್ಲೊಂದು ಕುರ್ಚಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಆ ಕುರ್ಚಿ ಎಂದರೆ ನನಗೆ ಭಯ. ಅಲ್ಲಿ ಕೂತರೆ ಇಂಥ ಪಾಠಗಳನ್ನೆಲ್ಲ ಯಾರು ಹೇಳಿಕೊಡುತ್ತಾರೆ?

ನಿಂದೇನ ಕೆಲಸ?

ಅದೇ ಹಳ್ಳಿಗೆ ಮೊದಲ ಸಲ ಹೋದ ದಿನ. ಮೇಲಿನ ಓಣಿಯ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕರೆದರು.

"ಏ ಬೇ, ಟ್ಯಾಂಕಿ ನೀ ಕಟ್ತೀಯೇನ?"

"ಇಲ್ಲ ಅಜ್ಜಿ, ಗೌಂಡಿ ಕಟ್ತಾರೆ."

"ನಕ್ಷೆ ನೀ ತಗೀತೀ?"

"ಇಲ್ಲ, ಅದಕ್ಕೆ ಬೇರೆ ಎಂಜಿನಿಯರ್ ಇದ್ದಾರೆ."

"ಹಂಗಾದ್ರ ನಿಂದೇನ ಕೆಲಸ?"

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೇನು ಎಂದು ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು. ಅಜ್ಜಿಗೆ ಒಂದೇ ಮಾತಿನಲ್ಲಿ ಹೇಳಿದೆ: "ಅವರವರ ಕೆಲಸ ಅವರವರು ಹೊತ್ತಿಗೆ ಸರಿಯಾಗಿ ಮಾಡ್ತಾರೋ ಇಲ್ಲವೋ ನೋಡ್ತೀನಿ, ಮಾಡದಿದ್ದರೆ ಯಾಕೆ ಅಂತ ಕೇಳ್ತೀನಿ."

ಅಜ್ಜಿಯ ಮುಖ ಅರಳಿತು. "ಹಂಗನ್ನು ಮತ್ತ! ಅತ್ತೀ ಕೆಲಸ. ಇದಕ್ಕ ಸಾಲಿ ಬ್ಯಾರೆ ಕಲಿಸ್ತಾರೇನ?"

ಯಾರೂ ಬಾರದ ದಿನ

ಟ್ಯಾಂಕಿನ ಸ್ಲ್ಯಾಬ್ ಹಾಕುವ ದಿನವನ್ನು ಮುಖ್ಯ ಕಚೇರಿಯ ರಜಾಪಟ್ಟಿ ನೋಡಿ ಗೊತ್ತು ಮಾಡಿದ್ದೆ. ಪಟ್ಟಿಯಲ್ಲಿ ಆ ದಿನ ರಜೆ ಇರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗೌಂಡಿಯಿಲ್ಲ, ಕೂಲಿಯವರಿಲ್ಲ, ಕಾವಲುಗಾರನೂ ಇಲ್ಲ. ಊರಿಗೆ ಊರೇ ಖಾಲಿ. ಒಂದು ನಾಯಿ ಮಾತ್ರ ಮರಳಿನ ಗುಡ್ಡೆಯ ಮೇಲೆ ಮಲಗಿತ್ತು.

ಏನಾಯಿತಪ್ಪಾ ಎಂದು ಹುಡುಕಿಕೊಂಡು ಹೊರಟೆ. ಊರಿನ ಮಂದಿಯೆಲ್ಲ ಹೊಲಗಳಲ್ಲಿದ್ದರು. ಅಂದು ಎಳ್ಳ ಅಮಾವಾಸ್ಯೆ. ನಮ್ಮ ಗೌಂಡಿ ಹೊಸ ಅಂಗಿ ತೊಟ್ಟು ಜೋಳದ ಬೆಳೆಯ ನಡುವೆ ಚರಗ ಚೆಲ್ಲುತ್ತಿದ್ದ. ಮಾಡಿದ ಅಡುಗೆಯಲ್ಲಿ ಮೊದಲ ಪಾಲು ಭೂಮಿತಾಯಿಗೆ, ಅದನ್ನು ಹೊಲದ ತುಂಬ ಚೆಲ್ಲಿದ ಮೇಲೆಯೇ ಮನೆಯವರು ಊಟಕ್ಕೆ ಕೂರುವುದು. ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಆ ಬಾಯಿಗೆ ಸರಿಯಾಗಿ ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಹಿಡಿದು ನಿಂತಿದ್ದಳು. ತಿಂದು ಮುಗಿಸುವಷ್ಟರಲ್ಲಿ ಪಕ್ಕದ ಹೊಲದವರು ಕರೆದರು, ಆಮೇಲೆ ಅದರ ಪಕ್ಕದವರು. ಸ್ಲ್ಯಾಬಿನ ಮಾತು ಎತ್ತಲು ಹೊಟ್ಟೆಯಲ್ಲೂ ಜಾಗವಿರಲಿಲ್ಲ.

ಸಂಜೆ ಗುರುಗಳಿಗೆ ಫೋನ್ ಮಾಡಿದೆ. "ಸರ್, ಇವತ್ತು ಹಬ್ಬ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ರಿ."

"ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರ ನೀವು ಆಫೀಸಿನ್ಯಾಗ ಕುಂದರ್ತಿದ್ರಿ. ಭಜ್ಜಿ ಯಾರ್ ತಿಂತಿದ್ರು?"

ಮೂಲ ಕಾರಣ

ತೊಂದರೆಯ ಬುಡ ಹಿಡಿಯಬೇಕಾದರೆ ಐದು ಸಲ "ಯಾಕೆ" ಎಂದು ಕೇಳಬೇಕು ಅಂತ ಒಂದು ತರಬೇತಿಯಲ್ಲಿ ಕಲಿತಿದ್ದೆ. ಅದನ್ನು ಶಿಷ್ಯೆಗೂ ಕಲಿಸಿದೆ. ಅವಳಿಗೆ ಅದು ಬಹಳ ಹಿಡಿಸಿತು. ಮಾರನೇ ದಿನವೇ ಆಳಂದದ ಕಡೆಯ ಕೆಲಸ ಯಾಕೆ ನಿಂತಿದೆ ನೋಡೋಣ ಎಂದು ಇಬ್ಬರೂ ಹೋದೆವು. ಅಲ್ಲಿಯ ಮೇಸ್ತ್ರಿ ಚಹಾ ತರಿಸಿದ. ಅವಳು ಶುರು ಮಾಡಿದಳು.

"ಕೆಲಸ ಯಾಕ ನಿಂತದ?"

"ಮರಳು ಬಂದಿಲ್ರಿ."

"ಯಾಕ ಬಂದಿಲ್ಲ?"

"ಟ್ರ್ಯಾಕ್ಟರ್ ಇಲ್ರಿ."

"ಯಾಕಿಲ್ಲ?"

"ಎಲ್ಲಾ ಕಬ್ಬು ಹೇರಾಕ ಭೂಸನೂರಿಗಿ ಹೋಗ್ಯಾವ್ರಿ."

"ಯಾಕ?"

"ಅಲ್ಲಿ ಸಕ್ಕರಿ ಮಾಡ್ತಾರಲ್ರಿ."

"ಸಕ್ಕರಿ ಯಾಕ?"

ಮೇಸ್ತ್ರಿ ನನ್ನ ಕೈಯಲ್ಲಿದ್ದ ಕಪ್ಪನ್ನು ನೋಡಿದ. "ಮೇಡಮ್ಮರು ಬಂದಾಗ ಚಹಾದಾಗ ಹಾಕಾಕ್ರಿ."

ನನ್ನ ಶಿಷ್ಯೆ ಬಹಳ ಪ್ರಾಮಾಣಿಕಳು. ಆ ವಾರದ ವರದಿಯಲ್ಲಿ "ವಿಳಂಬದ ಮೂಲ ಕಾರಣ: ಮೇಡಮ್ ಅವರ ಚಹಾ" ಎಂದೇ ಬರೆದು ಕಳಿಸಿದಳು.

ಈಗ ಅವಳು ಪ್ರತಿ ಭಾನುವಾರ ಆಳಂದದಲ್ಲಿ ತೊಂದರೆ ಬಿಡಿಸುವುದು ಹೇಗೆಂದು ತಾನೇ ಕ್ಲಾಸು ತೆಗೆದುಕೊಳ್ಳುತ್ತಾಳೆ. ಯಾರು ಬೇಕಾದರೂ ಹೋಗಿ ಕೂರಬಹುದು, ಉಳಿದ ದಿನ ಫೋನ್ ಮಾಡಿಯೂ ಪ್ರಶ್ನೆ ಕೇಳಬಹುದು.

ಎರಡು ಕೀಲಿ

ಅಂತೂ ಟ್ಯಾಂಕು ಎದ್ದು ನಿಂತಿತು. ನೀರೂ ಏರಿತು. ಇನ್ನು ವಾಲ್ವ್ ತಿರುಗಿಸಿದರೆ ಮುಗಿಯಿತು ಎನ್ನುವಾಗ ಮೇಲಿನ ಓಣಿ, ಕೆಳಗಿನ ಓಣಿ ಎದುರುಬದುರು ನಿಂತವು. ಹಾಗೇ ಬಿಟ್ಟರೆ ನೀರು ಇಳಿಜಾರಿಗೆ, ಅಂದರೆ ಕೆಳಗಿನ ಓಣಿಗೆ ಮೊದಲು ಮುಟ್ಟುತ್ತದೆ.

"ಜಾಗಾ ಕೊಟ್ಟವರು ನಾವು, ಮೊದಲ ನೀರು ನಮಗೇ" ಎಂದರು ಮೇಲಿನವರು.

"ನೀರೇ ತಾನಾಗಿ ನಮ್ಮ ಕಡಿ ಬರ್ತದ. ಬರೋ ಲಕ್ಷ್ಮೀನ ಬ್ಯಾಡ ಅನ್ನೂನೇನ್ರಿ?" ಎಂದರು ಕೆಳಗಿನವರು.

ಮಾತು ಬೆಳೆದು, ವಾಲ್ವಿನ ಕೋಣೆಗೆ ಎರಡೂ ಓಣಿಯವರು ತಮ್ಮ ತಮ್ಮ ಕೀಲಿ ಜಡಿದರು. ಬಿಸಿಲು ಏರುತ್ತಿತ್ತು. ಮುಖ್ಯ ಕಚೇರಿಯ ಕುರ್ಚಿ ನನ್ನನ್ನು ಕೈಮಾಡಿ ಕರೆಯುತ್ತಿತ್ತು. ನಾನು ಗುರುಗಳ ಮುಂದೆ ಹೋಗಿ ಕೂತು ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಗಡಿಬಿಡಿ ಮಾಡಬ್ಯಾಡ್ರಿ, ನಾಳಿಗಿ ಹೇಳ್ತೇನಿ" ಎಂದರು.

ಅವತ್ತೇ ಸಂಜೆ ಶಿಷ್ಯೆಯ ಫೋನು. "ಮೇಡಮ್, ನನ್ನ ಕ್ಲಾಸಿನ ಒಬ್ಬರು ಹಿರಿಯರು ಫೋನ್ ಮಾಡಿ ಭಾರಿ ತೊಡಕಿನ ಪ್ರಶ್ನೆ ಕೇಳ್ಯಾರ್ರಿ. ಎರಡು ಊರಿಗಿ ಕೂಡಿ ಒಂದ ಹೊಸಾ ಬಸ್ಸು. ಮೊದಲ ಯಾವ ಊರವರು ಹತ್ತಬೇಕಂತ ಜಗಳ. ಎರಡೂ ಊರವರು ಬಸ್ಸಿಗಿ ಕೀಲಿ ಹಾಕ್ಯಾರಂತ. ಏನ್ ಹೇಳ್ಲಿ?"

ಬಸ್ಸಿಗೆ ಕೀಲಿ ಹಾಕುವ ಜನ ಎಂಥವರಪ್ಪಾ ಎಂದು ನಗು ಬಂತು. ಕಂಡವರ ಜಗಳ ಬಿಡಿಸುವುದು ಎಷ್ಟು ಸುಲಭ! ಯೋಚನೆ ಕೂಡ ಮಾಡದೆ ಹೇಳಿದೆ: "ಮೊದಲ ಬಸ್ಸು ಯಾರಿಗೂ ಬೇಡ. ಎಳ್ಳ ಅಮಾವಾಸ್ಯೆಗೆ ಮೊದಲ ತುತ್ತು ನೀವೇ ತಿಂತೀರಾ? ಮೊದಲು ಹೊಲಕ್ಕೆ ಚರಗ ಚೆಲ್ಲೋದಿಲ್ಲವಾ? ಹಾಗೇ ಮೊದಲ ಸಲ ಖಾಲಿ ಓಡಿಸಿಬಿಡಲಿ. ಆಮೇಲೆ ಇಬ್ಬರೂ ಕೂಡಿ ಹತ್ತಲಿ."

"ಎಷ್ಟು ಶಾಣ್ಯಾ ಇದ್ದೀರಿ ಮೇಡಮ್!" ಎಂದಳು. ನನಗೂ ಹಾಗೇ ಅನ್ನಿಸಿತು.

ಮರುದಿನ ಗುರುಗಳು ಗಂಭೀರವಾಗಿ ಕುರ್ಚಿ ಎಳೆದುಕೊಂಡರು. "ನೋಡ್ರಿ, ಮೊದಲ ನೀರು ಯಾರಿಗೂ ಬ್ಯಾಡ. ಚರಗ ಚೆಲ್ಲಿದಂಗ ಹೊಲಕ್ಕ ಬಿಟ್ಟುಬಿಡ್ರಿ. ಹೊಸಾ ಪೈಪ್ ಹ್ಯಾಂಗೂ ತೊಳೀಬೇಕು. ಪೈಪ್ ತುಂಬಿ ನಿಂತ ಮ್ಯಾಲ ಎರಡೂ ಓಣಿಗಿ ಕೂಡೇ ಬಿಡ್ರಿ. ಇಂಥವಕ್ಕ ಅನುಭವ ಬೇಕ್ರಿ."

ನನಗೆ ಕಿವಿ ಬಿಸಿಯಾಯಿತು. "ಸರ್, ಇದು ನಿಮಗೆ ಯಾರು ಹೇಳಿದರು?"

"ಅಫಜಲಪುರದ ನಮ್ಮ ಗುರುಗಳು."

ನಿಂಬೆ ತೋಟಕ್ಕೆ ಫೋನ್ ಮಾಡಿದೆ. "ನಾನು ಈ ವಯಸ್ಸಿನ್ಯಾಗೂ ಕಲಿಯಾಕತ್ತೇನಿ ತಂಗಿ," ಎಂದರು ಹಿರಿಯರು. "ಆಳಂದದಾಗ ಒಬ್ಬಾಕಿ ಕ್ಲಾಸ್ ತಗೋತಾಳ, ಭಾರಿ ಹುಷಾರ್. ಊರ ಮರ್ಯಾದಿ ಪ್ರಶ್ನಾ ಅಂತ ಟ್ಯಾಂಕಿ ತಗದು ಬಸ್ಸು ಮಾಡಿ ಕೇಳ್ದೆ. ಕೀಲಿ ಬದಲು ಮಾಡೂದು ಮರತೆ, ನೋಡು."

ಆದರೂ ಹಳ್ಳಿಯಲ್ಲಿ ಆ ಉಪಾಯವನ್ನೇ ಹೇಳಿದೆ. ಚರಗ ಎಂದ ಕೂಡಲೇ ಇಬ್ಬರೂ ತಣ್ಣಗಾಗಿ ಕೀಲಿ ತೆಗೆದರು. ಮೊದಲ ನೀರು ಹೊಲಕ್ಕೆ ಬಂತು: ಕೆಂಪು ರಾಡಿ, ಜೊತೆಗೆ ಸಿಮೆಂಟಿನ ವಾಸನೆ. ಎರಡೂ ಓಣಿಯ ಹಿರಿಯರು ಬಗ್ಗಿ ನೋಡಿ, ಇದಕ್ಕೇನಾ ನಾವು ಹೊಡೆದಾಡಲು ನಿಂತದ್ದು ಎಂದು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ಎರಡೂ ಓಣಿಯ ನಳಗಳಲ್ಲಿ ತಿಳಿನೀರು ಒಟ್ಟಿಗೇ ಬಂತು. ನನಗೆ ಮೂರು ತಾಲೂಕೂ ಉಳಿದವು. ನಿಂತಲ್ಲೇ ಕಣ್ಣು ಒದ್ದೆಯಾಯಿತು.

ಮೇಲಿನ ಓಣಿಯ ಅಜ್ಜಿ ಕೊಡ ತುಂಬಿಕೊಂಡು ಬಂದರು. "ಇಷ್ಟು ಛಂದ ಉಪಾಯ ಯಾರ್ ಹೇಳ್ಯಾರ ಬೇ?"

ನಾನು ಜೇವರ್ಗಿಯ ಗುರುಗಳನ್ನು ಕೇಳಿದ್ದು, ಅವರು ಅಫಜಲಪುರದವರನ್ನು ಕೇಳಿದ್ದು, ಅವರು ಆಳಂದದವಳನ್ನು ಕೇಳಿದ್ದು, ಅವಳು ನನ್ನನ್ನು ಕೇಳಿದ್ದು ಎಲ್ಲ ಹೇಳಿದೆ.

ಅಜ್ಜಿ ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಹಂಗಾದ್ರ ನೀ ನಿನಗೇ ಒಂದ್ ಮಾತ ಕೇಳಾಕ ಮೂರು ತಾಲೂಕ ಬೇಕಾದವೇನ ಬೇ?"