ಜೋಡುನಳಿಗೆ ಕೋವಿಯನ್ನು ಬೇಡವೆನ್ನಲು ಅವಕಾಶ ಕೋರಿ

ಇಂದ
ಧನರಾಜ್ ಪುತ್ರನ್,
ಬೋಟ್ ಇಂಜಿನ್ ಹಾಗೂ ಪಂಪ್‌ಸೆಟ್ ರಿಪೇರಿಯವರು, ಕಟಪಾಡಿ.
ವಾಸ: ಎರ್ಮಾಳ್.

ಗೆ
ಶ್ರೀ ಅಣ್ಣು ಹೆಗ್ಡೆಯವರು,
ಕೋವಿಯ ಮಾಲೀಕರು,
ನಿಟ್ಟೆ, ಕಾರ್ಕಳ ತಾಲೂಕು.

ವಿಷಯ: ಕೋವಿ ನೋಡಿ ಹೊರಟ ನಮ್ಮನ್ನು ತಾವು ಹಿಂದಿನಿಂದ ಕರೆಯದೇ ಇದ್ದುದರಿಂದ ಉಂಟಾದ ಹಾನಿ ಹಾಗೂ ಅದರ ಪರಿಹಾರದ ಕುರಿತು.

ಉಲ್ಲೇಖ: 1) ಹನ್ನೊಂದು ದಿನಗಳ ಹಿಂದೆ ತಮ್ಮ ಜಗಲಿಯಲ್ಲಿ ನಡೆದ ಕೋವಿ ತಪಾಸಣೆ.
2) ಅದೇ ದಿನ ತಮ್ಮ ಪತ್ನಿ ಕುಶಲಾ ಅವರು ರಸ್ತೆಗೆ ಕೇಳುವಂತೆ ನೀಡಿದ ಮೌಖಿಕ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡು, ಆದರೂ ತಮ್ಮನ್ನೇ ಹೊಣೆ ಮಾಡಿ ಸಲ್ಲಿಸುತ್ತಿರುವ ಅರ್ಜಿ ಏನೆಂದರೆ:

1. ತಮ್ಮ ಪಂಪ್‌ಸೆಟ್ ರಿಪೇರಿಗೆ ಬಂದಾಗ ತಾವು, "ಅಜ್ಜನ ಕಾಲದ ಜೋಡುನಳಿಗೆ ಕೋವಿ ಒಂದು ಉಂಟು, ಪ್ರತಿ ಚುನಾವಣೆಗೂ ಠಾಣೆಯಲ್ಲಿ ಇಟ್ಟು ಬರುವುದು, ಮತ್ತೆ ತರುವುದು, ನನಗೆ ಸಾಕಾಯ್ತು ಮಾರಾಯ" ಎಂದಿದ್ದಿರಿ. ಅದನ್ನು ಅಂಗಡಿಯ ಗೋಡೆಗೆ ತೂಗುಹಾಕಿದರೆ ಹೇಗೆ ಕಾಣುತ್ತದೆ ಎಂದು ಆ ಕ್ಷಣದಿಂದಲೇ ನಾನು ಯೋಚಿಸತೊಡಗಿದೆ. ಪರವಾನಗಿಗೆ ಬೆಳೆ ರಕ್ಷಣೆಯ ಕಾರಣ ಕೊಡೋಣವೆಂದರೆ ನಮ್ಮ ಹಿತ್ತಲಲ್ಲಿರುವುದು ಎರಡು ತೆಂಗು ಮತ್ತು ಒಂದು ಕರಿಬೇವಿನ ಗಿಡ. ಅದಿರಲಿ, ಮೊದಲು ವಸ್ತುವನ್ನು ನೋಡೋಣ ಎಂದುಕೊಂಡೆ.

2. ಕೊಳ್ಳುವ ಯಾವ ವಸ್ತುವನ್ನೂ ನಾನೊಬ್ಬನೇ ನೋಡತಕ್ಕದ್ದಲ್ಲ ಎಂದು ನಮ್ಮ ಮನೆಯಲ್ಲಿ ಆದೇಶವಿದೆ. ಕಾರಣ, ನಾನು ಹಿಂದೊಮ್ಮೆ ತಂದ ಇನ್ವರ್ಟರ್. ಆದ್ದರಿಂದ ನನ್ನ ಹೆಂಡತಿ ವಾರಿಜಾ ಸಹ ತಪಾಸಣೆಗೆ ಬಂದಿದ್ದಳು. ಅವಳು ಇಪ್ಪತ್ತೆಂಟು ವರ್ಷಗಳಿಂದ ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುವವಳು.

3. ಮೊದಲು ನಾನು ನೋಡಿದೆ. ಕೋವಿಯನ್ನು ಮಡಚಿ ನಳಿಗೆಗಳ ಮೂಲಕ ಆಕಾಶ ನೋಡಿದಾಗ ಎಡಗಡೆಯದರಲ್ಲಿ ತುಕ್ಕು ತಿಂದ ಹೊಂಡಗಳು ಕಂಡವು. ಬಲಗಡೆಯದರಲ್ಲಿ ಆಕಾಶವೇ ಕಾಣಲಿಲ್ಲ. ಅಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಅಲ್ಲಾಡಿಸಿದರೆ ಕೀಲು ಲಟಲಟ ಎಂದಿತು. ನಳಿಗೆಗಳ ಜೋಡಿಯನ್ನು ಹಿಡಿಯಿಂದ ಬೇರ್ಪಡಿಸಿ ಹಗ್ಗಕ್ಕೆ ಕಟ್ಟಿ ಸ್ಪಾನರಿನಿಂದ ತಟ್ಟಿದೆ. ಬೆಸುಗೆ ಸರಿಯಿದ್ದರೆ ಗಂಟೆಯಂತೆ ಸದ್ದು ಬರಬೇಕು. ಬಂದದ್ದು ಒಡೆದ ಮಡಕೆಯ ಸದ್ದು. ತಾವು ಚಿತ್ತಾರ ಎಂದು ತೋರಿಸಿದ ಗೆರೆಗಳು, ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಬೆಸೆದ ಗುರುತು. ಈಗಿನ ಕಾಲದ ತೋಟಾ ಹಾಕಿದರೆ ಬೆಳೆಗೆ ಬರುವ ಹಂದಿಗೆ ಏನೂ ಆಗದು, ಹೊಡೆದವನ ಕೈ ಹೋದೀತು. ಇಷ್ಟೆಲ್ಲ ಗೊತ್ತಾದ ಮೇಲೂ ಅದು ನನಗೆ ಬಹಳ ಇಷ್ಟವಾಯಿತು ಎಂಬುದನ್ನು ನಾಚಿಕೆಯಿಂದ ತಿಳಿಸುತ್ತೇನೆ.

4. ಅನಂತರ ವಾರಿಜಾ ನೋಡಿದಳು. ಹಿಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮಡಚಿದ ಜಾಗವನ್ನು ಮೀನಿನ ಕಿವಿರು ತೆರೆದ ಹಾಗೆ ತೆರೆದು ಮೂಸಿದಳು. ಮುಂದೆ ನಡೆದ ಸಂಭಾಷಣೆ ತಮಗೂ ನೆನಪಿರಬಹುದು.

"ಇದು ಫ್ರೆಶ್ ಅಲ್ಲ."

"ಅಮ್ಮ, ಇದು ನೂರು ವರ್ಷದ್ದು. ಹಳೆಯದಾದಷ್ಟೂ ಬೆಲೆ ಹೆಚ್ಚು."

"ಎಂತ ಹೇಳ್ತೀರಿ? ಹಳೆಯದು ಅಂತ ನೀವೇ ಹೇಳಿ ಹೆಚ್ಚು ಕೇಳುವುದಾ? ನಾನು ನಿನ್ನೆಯ ಬಂಗುಡೆಗೇ ಅರ್ಧ ಇಳಿಸ್ತೇನೆ!"

ಅವಳು ತಾವು ಹೇಳಿದ ಬೆಲೆಯ ಕಾಲು ಭಾಗಕ್ಕೆ ಕೇಳಿ, "ಆಗುವುದಿಲ್ಲವಾ? ಬೇಡ, ಬನ್ನಿ ಹೋಗುವ" ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಟಳು.

5. ಇಲ್ಲೇ ಪ್ರಮಾದ ನಡೆದದ್ದು. ಮೀನಿನ ವ್ಯಾಪಾರದಲ್ಲಿ ಗಿರಾಕಿ ಹೊರಟರೆ ಹೊರಟ ಎಂದು ಅರ್ಥವಲ್ಲ. ಅವನು ನಾಲ್ಕು ಹೆಜ್ಜೆ ಹೋಗಬೇಕು, ಮಾರುವವರು ಕರೆಯಬೇಕು. ಕೇಳಿಸದವನಂತೆ ಇನ್ನೆರಡು ಹೆಜ್ಜೆ ಹೋಗಬೇಕು, ಮತ್ತೆ ಕರೆಯಬೇಕು. ಆಮೇಲಷ್ಟೇ ತಿರುಗುವುದು. ತಾವು ಕೃಷಿಕರು. ಕೋವಿಯನ್ನಾಗಲಿ ಮೀನನ್ನಾಗಲಿ ಜನ್ಮದಲ್ಲಿ ಮಾರಿದವರಲ್ಲ. ಆದ್ದರಿಂದ ತಾವು ಎದ್ದು ನಿಂತು ಕೈಮುಗಿದು, "ಆಯ್ತು, ಹೋಗಿ ಬನ್ನಿ" ಎಂದುಬಿಟ್ಟಿರಿ.

ಗೇಟಿನವರೆಗೆ ಅವಳು ನಿಧಾನವಾಗಿ ನಡೆದಳು. ರಸ್ತೆಯಲ್ಲಿ ಇನ್ನೂ ನಿಧಾನವಾಗಿ ನಡೆದಳು. ಆಗ ಹಿಂದಿನಿಂದ ಕುಶಲಾ ಅವರ ದನಿ ಕೇಳಿಸಿತು, "ಹೋಯ್, ಒಂದು ನಿಮಿಷ!" ವಾರಿಜಾಳ ಮುಖ ಅರಳಿತು. ನನ್ನ ಕೈ ಚಿವುಟಿ, "ತಿರುಗಬೇಡಿ, ಇನ್ನೊಮ್ಮೆ ಕರೀಲಿ" ಎಂದಳು. ಇನ್ನೊಮ್ಮೆ ಕರೆದರು. "ಗೇಟು ಹಾಕಿ ಹೋಗಿ, ದನ ಬರ್ತದೆ!"

ಬಸ್ ಸ್ಟಾಪಿನಲ್ಲಿ ಕಾಲೇಜಿನ ಮಕ್ಕಳ ನಡುವೆ ಕುಳಿತು ಅವಳು ಮೂರು ಬಸ್ ಬಿಟ್ಟಳು. "ಈಗ ಕರೀತಾರೆ" ಎಂದು ಮೊದಲ ಬಸ್ಸಿಗೆ ಹೇಳಿದಳು. ಮೂರನೆಯದು ಹೋದ ಮೇಲೆ ಬಸ್ಸಿನ ಚಿಲ್ಲರೆ ಎಣಿಸತೊಡಗಿದಳು.

6. ಸದರಿ ಘಟನೆಯ ಪರಿಣಾಮವಾಗಿ ಅವಳು ಈಗ ಯಾವ ಗಿರಾಕಿಯನ್ನೂ ಕರೆಯುವುದನ್ನು ನಿಲ್ಲಿಸಿದ್ದಾಳೆ. "ನನ್ನನ್ನು ಯಾರು ಕರೆದರು?" ಎಂಬುದು ಅವಳ ವಾದ. ಗಿರಾಕಿಗಳು ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹೋಗುತ್ತಾರೆ, ಕರೆ ಬರುವುದಿಲ್ಲ, ತಿರುಗಲು ಮರ್ಯಾದೆ ಬಿಡುವುದಿಲ್ಲ. ಮೊನ್ನೆ ಐರಿನ್ ಬಾಯಿ ಎಂಬ ಹಳೆಯ ಗಿರಾಕಿ ಮೆಡಿಕಲ್ ಅಂಗಡಿಯ ಎದುರು ಹತ್ತು ನಿಮಿಷ ಬೆನ್ನು ಹಾಕಿ ನಿಂತಿದ್ದರು. ಕೊನೆಗೆ ಒಂದು ಬಾಟಲಿ ಕೆಮ್ಮಿನ ಔಷಧ ಕೊಂಡು ಮನೆಗೆ ಹೋದರು. ಅವರಿಗೆ ಕೆಮ್ಮಿಲ್ಲ.

ಈ ಕಾರಣದಿಂದ ಮಾರಾಟವಾಗದ ಮೀನೆಲ್ಲ ಮನೆಗೆ ಬರುತ್ತಿದೆ. ಹನ್ನೊಂದು ದಿನಗಳಿಂದ ಮೂರು ಹೊತ್ತೂ ಬಂಗುಡೆ ತಿನ್ನುತ್ತಿದ್ದೇನೆ. ನಮ್ಮ ಬೀದಿಯ ಬೆಕ್ಕುಗಳು ನನ್ನನ್ನು ಕಂಡರೆ ಈಗ ದಾರಿ ಬದಲಿಸುತ್ತವೆ. ಅದನ್ನೆಲ್ಲ ಸಹಿಸಬಹುದು. ಆದರೆ ಹೆದ್ದಾರಿಯವರೆಗೆ ಕೇಳುತ್ತಿದ್ದ ಅವಳ ದನಿ ಕೇಳುತ್ತಿಲ್ಲ. ಹೀಗೇ ಆದರೆ ಬುಟ್ಟಿ ಕವುಚಿಟ್ಟು ಮನೆಯಲ್ಲೇ ಕುಳಿತುಬಿಡುತ್ತಾಳೋ ಎಂದು ನನಗೆ ಹೆದರಿಕೆಯಾಗಿದೆ, ಬಹಳ ಬೇಸರವೂ ಆಗಿದೆ.

7. ಆದ್ದರಿಂದ, ಬರುವ ಭಾನುವಾರ ಹತ್ತೂವರೆ ಗಂಟೆಗೆ ನಾವಿಬ್ಬರು ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ, ಬಸ್ ಸ್ಟಾಪಿನ ಕಡೆಗೆ ಮುಖ ಮಾಡಿ ನಡೆದುಹೋಗುವವರಿದ್ದೇವೆ. ಕಾರ್ಕಳದಲ್ಲಿ ಮದುವೆ ಎಂದು ಅವಳಿಗೆ ಹೇಳಿದ್ದೇನೆ. ಮದುವೆ ಇಲ್ಲ. ಆ ವೇಳೆಗೆ ತಾವು ಹೊರಗೆ ಬಂದು, "ವಾರಿಜಕ್ಕ, ಬನ್ನಿ ಮಾರಾಯ್ರೆ, ನೀವು ಹೇಳಿದ ರೇಟಿಗೇ ಕೊಂಡುಹೋಗಿ" ಎಂದು ಗಟ್ಟಿಯಾಗಿ ಕರೆಯಬೇಕು. ಮೊದಲ ಸಲಕ್ಕೆ ಅವಳಿಗೆ ಕೇಳಿಸುವುದಿಲ್ಲ. ಎರಡನೆಯದಕ್ಕೆ ನಡಿಗೆ ನಿಧಾನವಾಗುತ್ತದೆ. ಮೂರನೆಯದಕ್ಕೆ ತಿರುಗಿ, ಇಡೀ ನಿಟ್ಟೆಗೆ ಕೇಳುವ ಹಾಗೆ, "ಬೇಡ!" ಎನ್ನುತ್ತಾಳೆ. ಅಲ್ಲಿಗೆ ತಮ್ಮ ಕೆಲಸ ಮುಗಿಯಿತು. ಕೋವಿ ಹೇಗೂ ಕೊಳ್ಳಲು ಯೋಗ್ಯವಲ್ಲ.

ದಯಮಾಡಿ ಮಂಜೂರು ಮಾಡಬೇಕು.

ಇಂತಿ, ಕರೆಯ ನಿರೀಕ್ಷೆಯಲ್ಲಿ ಬೆನ್ನು ಹಾಕಿರುವ
ತಮ್ಮ ವಿಶ್ವಾಸಿ,
ಧನರಾಜ್ ಪುತ್ರನ್

ಅಡಕಗಳು:
1) ಕೋವಿಯ ತಪಾಸಣಾ ವರದಿ, ಒಂದು ಪುಟ. ಬೇರೆ ಗಿರಾಕಿ ಬಂದರೆ ತೋರಿಸಬಾರದು.
2) ಬಂಗುಡೆ, ಎರಡು ಕಿಲೋ, ಶುಚಿ ಮಾಡಿದ್ದು.

ವಿ.ಸೂ.: ತಾವು ಮೊದಲ ಸಲ ಕರೆದಾಗಲೇ ನಾನು ತಿರುಗಿಬಿಡುವ ಸಂಭವವಿದೆ. ಕೋವಿ ನನಗೆ ಈಗಲೂ ಬೇಕು. ಅದನ್ನು ಪರಿಗಣನೆಗೆ ತೆಗೆದುಕೊಳ್ಳದೆ, ನನ್ನನ್ನು ನೋಡದೆ, ವಾರಿಜಾಳನ್ನೇ ಕರೆಯುತ್ತಿರಬೇಕಾಗಿ ವಿನಂತಿ.